ಕರಾವಳಿಯ ಮನೆಗೆ ಮೊದಲ ಕಂಪ್ಯೂಟರ್: ದುಡ್ಡು ಎಲ್ಲಿ ಹಾಕಬೇಕು, ಎಲ್ಲಿ ಉಳಿಸಬೇಕು

ಬಿಡಿಭಾಗ ತಂದು ಮನೆಯಲ್ಲೇ ಕಂಪ್ಯೂಟರ್ ಜೋಡಿಸಬೇಕು ಅಂತ ಹೊರಟವರು ಮೊದಲು ಕೇಳುವುದು ಪ್ರೊಸೆಸರ್ ಯಾವುದು ಅಂತ. ನಾನು ತಿರುಗಿ ಕೇಳುವುದು, ನಿಮ್ಮ ಮನೆಯಲ್ಲಿ ಅರ್ಥಿಂಗ್ ಹೇಗಿದೆ ಅಂತ. ಕುಮಟೆಯಲ್ಲಿ ನನ್ನದು ಡಿಟಿಪಿ ಕೆಲಸ. ಮದುವೆ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್, ಸೊಸೈಟಿಯ ವಾರ್ಷಿಕ ವರದಿ, ಹೀಗೆ. ಅಂಗಡಿಯ ಮಷಿನ್‌ಗಳನ್ನು ನಾನೇ ಜೋಡಿಸಿದ್ದು. ನೆಂಟರ ಮನೆಗೂ ಜೋಡಿಸಿ ಕೊಡುತ್ತೇನೆ. ನನ್ನ ಕೈಗೆ ಬಂದ ಕೆಟ್ಟ ಭಾಗಗಳಲ್ಲಿ ಹಳತಾಗಿ ಹೋದವು ಕಡಿಮೆ. ಕರೆಂಟಿನ ಏರಿಳಿತ, ಸಿಡಿಲು, ತೇವ, ಇವಕ್ಕೆ ಹೋದದ್ದೇ ಜಾಸ್ತಿ. ಅದಕ್ಕೇ ನಮ್ಮ ಕಡೆ ಪಟ್ಟಿಯನ್ನು ಗೋಡೆಯ ಪ್ಲಗ್‌ನಿಂದ ಶುರು ಮಾಡಬೇಕು, ಪ್ರೊಸೆಸರ್‌ನಿಂದ ಅಲ್ಲ.

ಬೆಲೆ ವಾರ ವಾರ ಬದಲಾಗುತ್ತದೆ, ಹಾಗಾಗಿ ರೂಪಾಯಿ ಲೆಕ್ಕ ಬರೆಯುವುದಿಲ್ಲ. ಹಂಚಿಕೆ ಹೇಳುತ್ತೇನೆ. ಮಾನಿಟರ್ ಮತ್ತು ಯುಪಿಎಸ್ ದುಡ್ಡನ್ನು ಮೊದಲೇ ಬೇರೆ ಎತ್ತಿಡಿ. ಉಳಿದದ್ದರಲ್ಲಿ ಪ್ರೊಸೆಸರ್‌ಗೆ ಸುಮಾರು ಕಾಲು ಭಾಗ, ಎಲ್ಲ ಭಾಗ ಕೂರುವ ಮದರ್‌ಬೋರ್ಡ್‌ಗೆ ಆರರಲ್ಲಿ ಒಂದು ಭಾಗ. ಗೋಡೆಯ ಕರೆಂಟನ್ನು ಒಳಗಿನ ಭಾಗಗಳಿಗೆ ಹೊಂದಿಸಿ ಕೊಡುವ ಪೆಟ್ಟಿಗೆ ಎಸ್‌ಎಂಪಿಎಸ್, ಅದಕ್ಕೆ ಹತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ ಬೇಡವೇ ಬೇಡ. ಕ್ಯಾಬಿನೆಟ್‌ಗೆ ಅದಕ್ಕಿಂತ ಕಡಿಮೆ ಸಾಕು. ಮಿಕ್ಕಿದ್ದೆಲ್ಲ ರ್‍ಯಾಮ್ ಮತ್ತು ಎಸ್‌ಎಸ್‌ಡಿಗೆ (ಮೊದಲನೆಯದು ಕೆಲಸದ ಹೊತ್ತಿನ ಮೆಮೊರಿ, ಎರಡನೆಯದು ಫೈಲ್ ಉಳಿಸುವ ಡ್ರೈವ್). ಚಿತ್ರ ಮೂಡಿಸಲು ಬೇರೆಯಾಗಿ ಹಾಕುವ ಗ್ರಾಫಿಕ್ಸ್ ಕಾರ್ಡ್ ಈ ಲೆಕ್ಕದಲ್ಲೇ ಇಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ.

ಪ್ಲಗ್ ಪಾಯಿಂಟ್, ಅರ್ಥಿಂಗ್

ಕಂಪ್ಯೂಟರ್ ಇಡುವ ಜಾಗದ ಪ್ಲಗ್ ಪಾಯಿಂಟನ್ನು ಇಲೆಕ್ಟ್ರಿಶಿಯನ್ ಕರೆಸಿ ಮೀಟರ್ ಇಟ್ಟು ನೋಡಿಸಿ. ಫೇಸ್ ಮತ್ತು ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಇರಬೇಕು. ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಎರಡು ಮೂರು ವೋಲ್ಟ್ ದಾಟಬಾರದು. ಇದನ್ನು ಮಧ್ಯಾಹ್ನ ನೋಡಿ ಬಿಟ್ಟರೆ ಆಗುವುದಿಲ್ಲ. ಸಂಜೆ ಎಲ್ಲರ ಮನೆಯಲ್ಲೂ ದೀಪ ಹತ್ತಿದ ಮೇಲೆ ಒಮ್ಮೆ, ತೋಟದ ಪಂಪು ಓಡುವಾಗ ಒಮ್ಮೆ ನೋಡಬೇಕು. ಲೈನಿನ ಕೊನೆಯಲ್ಲಿರುವ ಮನೆಗಳಲ್ಲಿ ಪಂಪು ಶುರುವಾದ ಕೂಡಲೇ ವೋಲ್ಟೇಜ್ 180ರ ಕೆಳಗೆ ಇಳಿಯುವುದನ್ನು ನಾನು ನೋಡಿದ್ದೇನೆ.

ಅರ್ಥಿಂಗ್ ಇಲ್ಲದ ಮನೆ ಗುರುತಿಸುವುದು ಸುಲಭ. ಬರಿಗಾಲಲ್ಲಿ ನಿಂತು ಓಡುತ್ತಿರುವ ಕಂಪ್ಯೂಟರಿನ ಹಿಂದಿನ ತಗಡು ಸವರಿದರೆ ಬೆರಳಿಗೆ ಜುಂ ಅನ್ನುತ್ತದೆ. ಎಸ್‌ಎಂಪಿಎಸ್‌ ಒಳಗಿನ ಫಿಲ್ಟರ್‌ನಲ್ಲಿ ಫೇಸ್‌ನಿಂದ ಒಂದು, ನ್ಯೂಟ್ರಲ್‌ನಿಂದ ಒಂದು ಪುಟ್ಟ ಕೆಪ್ಯಾಸಿಟರ್ ಅರ್ಥ್‌ಗೆ ಸೇರಿರುತ್ತವೆ. ಅರ್ಥ್ ತಂತಿ ನೆಲ ಮುಟ್ಟಿದ್ದರೆ ಆ ಸಣ್ಣ ಸೋರಿಕೆ ಸುಮ್ನೆ ಹೊರಗೆ ಹೋಗುತ್ತದೆ. ಮುಟ್ಟದಿದ್ದರೆ ಕ್ಯಾಬಿನೆಟ್ ತಗಡಿನ ಮೇಲೆ ನಿಲ್ಲುತ್ತದೆ. ಮೀಟರ್ ಇಟ್ಟರೆ ನೂರು ವೋಲ್ಟ್ ಆಸುಪಾಸು ತೋರಿಸುತ್ತದೆ. ಅದರ ಹಿಂದೆ ಶಕ್ತಿ ಬಹಳ ಕಡಿಮೆ, ನಿಜ. ಆದರೆ ಮಷಿನ್ ಚಾಲೂ ಇರುವಾಗ ಮಾನಿಟರಿನ ಎಚ್‌ಡಿಎಂಐ ಕೇಬಲ್ ಸಿಕ್ಕಿಸಿದರೆ ಪೋರ್ಟ್ ಸುಡುವುದಕ್ಕೆ ಅಷ್ಟು ಸಾಕು.

ನಮ್ಮದು ಚಿರೆಕಲ್ಲಿನ ನೆಲ. ಜುಲೈಯಲ್ಲಿ ನೀರು ಕುಡಿದು ನಿಂತಿರುತ್ತದೆ, ಅರ್ಥಿಂಗ್ ಚೆನ್ನಾಗಿಯೇ ಇರುತ್ತದೆ. ಏಪ್ರಿಲ್ ಹೊತ್ತಿಗೆ ಒಣಗಿ ಗಟ್ಟಿಯಾಗಿ ಕರೆಂಟ್ ಬಿಡುವುದೇ ಇಲ್ಲ. ಸಿಡಿಲಿನ ಕಾಲ ಶುರುವಾಗುವುದೂ ಆಗಲೇ. ಅರ್ಥಿಂಗ್ ಗುಂಡಿಗೆ ಇದ್ದಿಲು, ಉಪ್ಪು ಹಾಕಿಸಿ. ಬೇಸಿಗೆಯಲ್ಲಿ ವಾರಕ್ಕೆರಡು ಸಲ ಕೊಡಪಾನ ನೀರು ಹೊಯ್ಯಿರಿ. ಹೊಸದಾಗಿ ಗುಂಡಿ ತೆಗೆಸುವುದಾದರೆ ಬಚ್ಚಲು ನೀರು ಹೋಗುವ ಕಡೆ ತೆಗೆಸಿ. ಈ ಖರ್ಚು ಕಂಪ್ಯೂಟರಿನ ಬಜೆಟ್‌ನಲ್ಲೇ ಬರಬೇಕು.

ಎಸ್‌ಎಂಪಿಎಸ್

ಕ್ಯಾಬಿನೆಟ್ ಜೊತೆ ಫ್ರೀ ಕೊಡುವ ಎಸ್‌ಎಂಪಿಎಸ್ ತೆಗೆದುಕೊಳ್ಳಬೇಡಿ. ಅಂಗಡಿಯವರು ಎಷ್ಟೇ ಹೇಳಲಿ, ಬೇಡ. ಪಕ್ಕದ ಚೀಟಿ ಓದಲು ಕಲಿತರೆ ಯಾರ ಮಾತೂ ಕೇಳಬೇಕಿಲ್ಲ. ಅದರಲ್ಲಿ ನೋಡಬೇಕಾದ್ದು ಎರಡೇ.

ಒಂದು, 12 ವೋಲ್ಟ್ ಸಾಲಿನಲ್ಲಿ ಎಷ್ಟು ಆಂಪಿಯರ್ ಬರೆದಿದೆ ಅಂತ. ಇವತ್ತಿನ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎಲ್ಲ ನಡೆಯುವುದು 12 ವೋಲ್ಟಿನ ಮೇಲೆ. ಆ ಆಂಪಿಯರನ್ನು 12ರಿಂದ ಗುಣಿಸಿ. 35 ಆಂಪಿಯರ್ ಇದ್ದರೆ 420 ವ್ಯಾಟ್ ಆಯಿತು, ಅದು ನಿಜವಾದ 450 ವ್ಯಾಟಿನ ಪೆಟ್ಟಿಗೆ. ಮುಂದೆ ದಪ್ಪ ಅಕ್ಷರದಲ್ಲಿ 450 ಅಂತ ಬರೆದು, ಪಕ್ಕದಲ್ಲಿ 12 ವೋಲ್ಟಿಗೆ 15 ಆಂಪಿಯರ್ ಅಂತಿದ್ದರೆ ಅದು 180 ವ್ಯಾಟಿನದು. ಕೈಯಲ್ಲಿ ಎತ್ತಿದರೂ ಹಗುರ ಇರುತ್ತದೆ.

ಎರಡು, ಇನ್‌ಪುಟ್. ಕೆಲವದರಲ್ಲಿ 200-240 ವೋಲ್ಟ್ ಅಂತ ಇರುತ್ತದೆ. ಕೆಲವದರಲ್ಲಿ 100-240 ವೋಲ್ಟ್. ಊರ ಲೈನ್ 180ಕ್ಕೆ ಇಳಿದಾಗ ಮೊದಲನೆಯದು ರೀಸ್ಟಾರ್ಟ್ ಆಗುತ್ತದೆ, ಎರಡನೆಯದು ಆರಾಮಾಗಿ ಓಡುತ್ತದೆ. ಒಂದೇ ಕಂಪನಿಯ ಒಂದೇ ವ್ಯಾಟಿನ ಎರಡು ಮಾಡೆಲ್‌ಗಳಲ್ಲೂ ಈ ಫರಕು ಇರಬಹುದು. ಪೆಟ್ಟಿಗೆ ಕೈಗೆ ಬಂದ ಮೇಲೆ ಅಲ್ಲ, ದುಡ್ಡು ಕೊಡುವ ಮೊದಲೇ ನೋಡಿಕೊಳ್ಳಿ. ನಮ್ಮ ಜಿಲ್ಲೆಗೆ ಇದಕ್ಕಿಂತ ಮುಖ್ಯವಾದ ಮಾತು ಈ ಇಡೀ ಬರಹದಲ್ಲಿ ಇಲ್ಲ.

ಇದರ ಮೇಲೆ 80 ಪ್ಲಸ್ ಬ್ರಾಂಜ್ ಗುರುತು ಇದ್ದರೆ ಒಳ್ಳೆಯದು. ಅರ್ಧ ಹೊರೆಯಲ್ಲಿ ಅದು ಗೋಡೆಯಿಂದ ಎಳೆದ ಕರೆಂಟಿನಲ್ಲಿ 85 ಶೇಕಡಾ ಒಳಗೆ ಕೊಡುತ್ತದೆ. ಮಿಕ್ಕಿದ್ದು ಬಿಸಿಯಾಗಿ ಹೋಗುತ್ತದೆ. ಕಾರವಾರದ ಮೇ ತಿಂಗಳ ಸೆಖೆಯಲ್ಲಿ ಆ ಬಿಸಿ ಎಷ್ಟು ಕಡಿಮೆಯಾದರೂ ಲಾಭವೇ. 450 ವ್ಯಾಟ್ ಈಗಿನ ಮಷಿನ್‌ಗೆ ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು. ಮುಂದೆ ಕಾರ್ಡ್ ಹಾಕುವ ಮನಸ್ಸು ಗಟ್ಟಿ ಇದ್ದರೆ 550 ತೆಗೆದುಕೊಳ್ಳಿ.

ಯುಪಿಎಸ್, ಇನ್‌ವರ್ಟರ್, ಸಿಡಿಲು

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಮಷಿನ್, ಮಾನಿಟರ್ ಎರಡೂ ಸೇರಿ ಕೆಲಸದ ಹೊತ್ತಿನಲ್ಲಿ ನೂರು, ನೂರೈವತ್ತು ವ್ಯಾಟ್ ಒಳಗೇ ಇರುತ್ತದೆ. 600 ವಿಎ ಯುಪಿಎಸ್ ಸಾಮಾನ್ಯವಾಗಿ 360 ವ್ಯಾಟಿನದು, ಹಾಗಾಗಿ ಸಾಕು. ಅದು ಕೊಡುವುದು ಹತ್ತು ಹದಿನೈದು ನಿಮಿಷ. ಫೈಲ್ ಸೇವ್ ಮಾಡಿ ಆಫ್ ಮಾಡಲು ಅಷ್ಟು ಬೇಕಷ್ಟೇ. ಒಳಗಿನ ಬ್ಯಾಟರಿ ಎರಡು ಮೂರು ವರ್ಷಕ್ಕೆ ಬದಲಿಸಬೇಕು.

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹೋದರೆ ದಿನಗಟ್ಟಲೆ ಬರುವುದಿಲ್ಲ. ಅಲ್ಲಿ ಮನೆಗೆ ಇನ್‌ವರ್ಟರ್ ಇದ್ದೇ ಇರುತ್ತದೆ. ಇದ್ದರೆ ಅದು ಪ್ಯೂರ್ ಸೈನ್ ವೇವ್, ಅಂದರೆ ಲೈನ್ ಕರೆಂಟಿನ ಹಾಗೇ ನಯವಾದ ಅಲೆ ಕೊಡುವಂಥದ್ದು, ಹೌದೋ ನೋಡಿ. ಸ್ಕ್ವೇರ್ ವೇವ್ ಇನ್‌ವರ್ಟರ್‌ಗೆ ಫ್ಯಾನು, ದೀಪ ಸರಿ. ಒಳ್ಳೆಯ ಎಸ್‌ಎಂಪಿಎಸ್ ಅದರ ಮೇಲೆ ಗುಂಯ್ ಅನ್ನಬಹುದು, ಕೆಲವು ಸಲ ಆಫ್ ಆಗಿಯೇ ಬಿಡಬಹುದು. ಇನ್ನೊಂದು, ಹೆಚ್ಚಿನ ಇನ್‌ವರ್ಟರ್‌ಗಳ ಹಿಂದೆ ಯುಪಿಎಸ್ ಮತ್ತು ಇಕೋ ಅಂತ ಒಂದು ಸ್ವಿಚ್ ಇರುತ್ತದೆ. ಅದನ್ನು ಯುಪಿಎಸ್ ಕಡೆ ಹಾಕಿ. ಇಕೋದಲ್ಲಿ ಕರೆಂಟ್ ಹೋಗಿ ಬ್ಯಾಟರಿಗೆ ಬರುವ ಹೊತ್ತಿಗೆ ಕಂಪ್ಯೂಟರ್ ಆಫ್ ಆಗಿರುತ್ತದೆ. ಯುಪಿಎಸ್ ಮೋಡ್‌ನಲ್ಲಿ ಆ ಬದಲಾವಣೆ ಬೇಗ ಆಗುತ್ತದೆ. ಎಸ್‌ಎಂಪಿಎಸ್ ತನ್ನೊಳಗೆ ಕೂಡಿಟ್ಟ ಶಕ್ತಿಯಲ್ಲಿ ಹದಿನೈದು ಹದಿನಾರು ಮಿಲಿಸೆಕೆಂಡ್ ತಡೆದುಕೊಳ್ಳುವುದರಿಂದ ಮಷಿನ್‌ಗೆ ಗೊತ್ತೇ ಆಗುವುದಿಲ್ಲ. ಮನೆಯಲ್ಲಿ ಇಂಥ ಇನ್‌ವರ್ಟರ್ ಇದ್ದರೆ ಬೇರೆ ಯುಪಿಎಸ್ ಬೇಡ. ಆ ದುಡ್ಡು ರ್‍ಯಾಮ್‌ಗೆ ಹಾಕಿ.

ಸಿಡಿಲಿಗೆ ಮಾತ್ರ ಇದ್ಯಾವುದೂ ಉತ್ತರ ಅಲ್ಲ. ಸ್ಪೈಕ್ ಗಾರ್ಡ್ ಸಣ್ಣಪುಟ್ಟ ಏರಿಳಿತ ತಡೆಯುತ್ತದೆ, ಹತ್ತಿರದಲ್ಲಿ ಹೊಡೆದ ಸಿಡಿಲನ್ನು ತಡೆಯುವುದಿಲ್ಲ. ಏಪ್ರಿಲ್, ಮೇ ಸಂಜೆ ಮೋಡ ಕಟ್ಟಿದರೆ, ಅಕ್ಟೋಬರಿನಲ್ಲಿ ಗುಡುಗು ಶುರುವಾದರೆ, ಪ್ಲಗ್ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಪಿನ್ನನ್ನೇ ಕೀಳಬೇಕು. ಇಂಟರ್ನೆಟ್ ಪೆಟ್ಟಿಗೆಯಿಂದ ಬರುವ ಲ್ಯಾನ್ ಕೇಬಲ್ ಕೂಡ ಕೀಳಬೇಕು. ಇದನ್ನು ಎಲ್ಲರೂ ಮರೆಯುತ್ತಾರೆ. ಫೈಬರ್ ಒಳಗಿನ ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ, ಆದರೆ ಆ ಪೆಟ್ಟಿಗೆ ಗೋಡೆಯ ಕರೆಂಟಿಗೆ ಸಿಕ್ಕಿಸಿಯೇ ಇರುತ್ತದೆ ಅಲ್ವಾ? ಅಲ್ಲಿಂದ ತಾಮ್ರದ ತಂತಿ ಸೀದಾ ಮದರ್‌ಬೋರ್ಡಿಗೇ ಬರುತ್ತದೆ.

ಪ್ರೊಸೆಸರ್: ಗ್ರಾಫಿಕ್ಸ್ ಒಳಗೇ ಇರುವುದು

ಅಂಕೋಲೆಯಿಂದ ನನ್ನ ಅಣ್ಣನ ಮಗ ಫೋನ್ ಮಾಡಿದ್ದ. ಇಂಜಿನಿಯರಿಂಗ್ ಸೇರಿದ್ದಾನೆ.

"ಅತ್ತೆ, ಗ್ರಾಫಿಕ್ಸ್ ಕಾರ್ಡ್ ಇಲ್ದೇ ಹೋದ್ರೆ ಗೇಮ್ ಓಡ್ತದಾ?"

"ಕೆಲವು ಓಡ್ತದೆ ಮಾರಾಯಾ. ಎಲ್ಲಾ ಓಡೂದಿಲ್ಲ. ಕಾರ್ಡ್ ತಕಂಡ್ರೆ ಅಪ್ಪ ಕೊಟ್ಟ ದುಡ್ಡಲ್ಲಿ ಅರ್ಧ ಅದ್ಕೇ ಹೋಗ್ತದೆ. ಮತ್ತೆ ಕಂಪ್ಯೂಟರ್‌ನ ಎಂತದ್ರಲ್ಲಿ ಮಾಡ್ತೆ?"

ಅವನಿಗೆ ಹೇಳಿದ್ದನ್ನೇ ಇಲ್ಲೂ ಹೇಳುತ್ತೇನೆ. ಮೊದಲ ಮಷಿನ್‌ಗೆ ಒಳಗೇ ಗ್ರಾಫಿಕ್ಸ್ ಇರುವ ಪ್ರೊಸೆಸರ್ ತೆಗೆದುಕೊಳ್ಳಿ. ಬೋರ್ಡು, ಎಸ್‌ಎಂಪಿಎಸ್ ಒಳ್ಳೆಯದು ಹಾಕಿ. ಕಾರ್ಡಿನ ಜಾಗ ಖಾಲಿ ಬಿಡಿ. ವರ್ಷ ಬಿಟ್ಟು ದುಡ್ಡು ಕೂಡಿದಾಗ ಕಾರ್ಡ್ ಸೇರಿಸಬಹುದು. ಕೆಟ್ಟ ಬೋರ್ಡು, ಕೆಟ್ಟ ಎಸ್‌ಎಂಪಿಎಸ್ ಮೇಲೆ ಒಳ್ಳೆಯ ಕಾರ್ಡ್ ಕೂರಿಸಿದರೆ ಮುಂದೆ ಎಲ್ಲವನ್ನೂ ಬಿಚ್ಚಬೇಕಾಗುತ್ತದೆ.

ಕಡಿಮೆ ದುಡ್ಡಿಗೆ ನಾನು ನೋಡುವುದು ಎರಡು. ಎಎಂಡಿಯ ರೈಜನ್ 5 5600ಜಿ, 2021ರದು. ಆರು ಕೋರ್, 65 ವ್ಯಾಟ್. ಒಳಗಿನ ವೇಗಾ ಗ್ರಾಫಿಕ್ಸ್‌ನಲ್ಲಿ ವ್ಯಾಲೊರಂಟ್ ತರದ ಗೇಮ್ ಸೆಟ್ಟಿಂಗ್ ಇಳಿಸಿದರೆ ಚೆನ್ನಾಗಿಯೇ ಓಡುತ್ತದೆ. ಇನ್ನೊಂದು ಇಂಟೆಲ್ ಕೋರ್ ಐ3 12100, 2022ರದು. ನಾಲ್ಕೇ ಕೋರ್, ಆದರೆ ಒಂದೊಂದೂ ಗಟ್ಟಿ. ಗೇಮ್‌ನಲ್ಲಿ 5600ಜಿಗಿಂತ ಹಿಂದೆ. ಆದರೆ ವಿಡಿಯೋ ಕತ್ತರಿಸುವವರಿಗೆ ಇದರ ಕ್ವಿಕ್ ಸಿಂಕ್ (ವಿಡಿಯೋ ಬೇಗ ತಯಾರಿಸುವ ಒಳಗಿನ ಭಾಗ) ಬಹಳ ಉಪಯೋಗ. ರಾತ್ರಿಯಿಡೀ ನಡೆದ ಯಕ್ಷಗಾನದ ರೆಕಾರ್ಡಿಂಗ್ ಎಕ್ಸ್‌ಪೋರ್ಟ್ ಮಾಡುವಾಗ ಅದರ ಬೆಲೆ ಗೊತ್ತಾಗುತ್ತದೆ. ಎರಡಕ್ಕೂ ಡಬ್ಬಿಯಲ್ಲೇ ಕೂಲರ್ ಬರುತ್ತದೆ. ಬೇರೆ ಕೂಲರ್‌ಗೆ ದುಡ್ಡು ಹಾಕಬೇಡಿ.

ಹೆಸರಿನ ಕೊನೆಯ ಅಕ್ಷರ ಸರಿಯಾಗಿ ಓದಿ. ಇಂಟೆಲ್‌ನಲ್ಲಿ ಕೊನೆಗೆ ಎಫ್ ಇದ್ದರೆ, ಅಂದರೆ 12100ಎಫ್ ಆದರೆ, ಒಳಗೆ ಗ್ರಾಫಿಕ್ಸ್ ಇಲ್ಲ. ರೈಜನ್ 5000 ಸಾಲಿನಲ್ಲಿ ಜಿ ಇದ್ದರೆ ಮಾತ್ರ ಗ್ರಾಫಿಕ್ಸ್ ಇದೆ. 5600, 5600ಎಕ್ಸ್‌ನಲ್ಲಿ ಇಲ್ಲ. ಸ್ವಲ್ಪ ಅಗ್ಗ ಅಂತ ಎಫ್ ತಂದರೆ ಕಾರ್ಡ್ ಹಾಕುವ ತನಕ ಮಾನಿಟರ್ ಕಪ್ಪಗೇ ಇರುತ್ತದೆ.

"ಐ5 ಇದೆ, ಅರ್ಧ ರೇಟು" ಅಂತ ಹಳೆಯ ಆಫೀಸ್ ಮಷಿನ್ ತೋರಿಸಿದರೆ ಅದು ಎಷ್ಟನೇ ಜನರೇಶನ್ ಕೇಳಿ. 2012ರ ಐ5 3470ಗಿಂತ 2022ರ ಐ3 12100 ಎಷ್ಟೋ ಪಟ್ಟು ವೇಗ. ಅದೂ ಅಲ್ಲದೆ ವಿಂಡೋಸ್ 10ರ ಸಪೋರ್ಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಶನ್ ಇಲ್ಲವೇ ಅದರ ನಂತರದ್ದು ಬೇಕು. ಲಿನಕ್ಸ್ ಹಾಕಿ ಟೈಪಿಂಗ್, ಬ್ರೌಸಿಂಗ್ ಮಾತ್ರ ಮಾಡುವವರಿಗೆ ಹಳೆಯದೂ ನಡೆಯುತ್ತದೆ, ಇಲ್ಲ ಅನ್ನುವುದಿಲ್ಲ.

ರ್‍ಯಾಮ್, ಬೋರ್ಡ್, ಎಸ್‌ಎಸ್‌ಡಿ

2025ರ ಕೊನೆಯಿಂದ ರ್‍ಯಾಮ್ ಬೆಲೆ ವಿಪರೀತ ಏರಿತು. ಎಐ ಡೇಟಾ ಸೆಂಟರ್‌ಗಳಿಗೆ ಮೆಮೊರಿ ಚಿಪ್ ಹೋಗುತ್ತಿರುವುದೇ ಮುಖ್ಯ ಕಾರಣ. ನಾನು ಹೊಸ ತಲೆಮಾರಿನ ಡಿಡಿಆರ್5 ಮೆಮೊರಿ ಬಿಟ್ಟು ಹಿಂದಿನ ತಲೆಮಾರಿನ ಡಿಡಿಆರ್4 ಹಿಡಿಸುವ ಬೋರ್ಡಿನ ಕಡೆ ವಾಲುವುದು ಇದಕ್ಕೇ. ಎಎಂಡಿಯ ಹೊಸ ಎಎಂ5 ಸಾಕೆಟ್‌ಗೆ (ಪ್ರೊಸೆಸರ್ ಕೂರುವ ಜಾಗ) ಡಿಡಿಆರ್5 ಮಾತ್ರ ಹಿಡಿಸುತ್ತದೆ. 5600ಜಿ ಕೂರುವ ಎಎಂ4 ಬೋರ್ಡು ಡಿಡಿಆರ್4ನದು. ಇಂಟೆಲ್ 12100ಗೆ ಎರಡೂ ತರದ ಬೋರ್ಡ್ ಸಿಗುತ್ತದೆ, ಡಿಡಿಆರ್4ದು ಅಂತ ಕೇಳಿ ತೆಗೆದುಕೊಳ್ಳಿ. ಡಿಡಿಆರ್4 ಕಡ್ಡಿಗಳು ಹಳೆಯ ಮಷಿನ್‌ಗಳಿಂದ ಸೆಕೆಂಡ್ ಹ್ಯಾಂಡ್‌ನಲ್ಲೂ ಸಿಗುತ್ತವೆ. ರ್‍ಯಾಮ್ ಸುಲಭಕ್ಕೆ ಕೆಡುವ ವಸ್ತು ಅಲ್ಲ, ಹಾಗಾಗಿ ಹೆದರಬೇಕಿಲ್ಲ. ಲ್ಯಾಪ್‌ಟಾಪಿನ ಗಿಡ್ಡ ಕಡ್ಡಿ ಇದಕ್ಕೆ ಹಿಡಿಸುವುದಿಲ್ಲ, ನೋಡಿಕೊಂಡು ತನ್ನಿ.

16 ಜಿಬಿ ಬೇಕು. ಒಂದೇ 16ರ ಕಡ್ಡಿ ಬೇಡ, 8ರ ಎರಡು ಹಾಕಿ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇರುವುದಿಲ್ಲ, ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಎರಡು ಕಡ್ಡಿ ಇದ್ದರೆ ದಾರಿ ಎರಡಾಗುತ್ತದೆ, ಗೇಮ್‌ನಲ್ಲಿ ಫರಕು ಕಣ್ಣಿಗೇ ಕಾಣುತ್ತದೆ. ದುಡ್ಡು ಸಾಲದಿದ್ದರೆ ಈಗ ಒಂದು 8 ಹಾಕಿ, ಅದೇ ವೇಗದ ಇನ್ನೊಂದನ್ನು ಆಮೇಲೆ ಸೇರಿಸಿ. ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಎರಡು ಕಡ್ಡಿ ಹಾಕುವಾಗ ಪ್ರೊಸೆಸರ್‌ನಿಂದ ಎಣಿಸಿ ಎರಡನೆಯ ಮತ್ತು ನಾಲ್ಕನೆಯ ಸ್ಲಾಟ್ ಸಾಮಾನ್ಯವಾಗಿ ಸರಿ. ಬೋರ್ಡಿನ ಪುಸ್ತಕದಲ್ಲಿ ಒಮ್ಮೆ ನೋಡಿಬಿಡಿ.

ಬೋರ್ಡಿಗೆ ಬಣ್ಣದ ದೀಪ ಬೇಡ. 5600ಜಿಗೆ ಬಿ550 ಬೋರ್ಡು, ಕೈ ಬಿಗಿ ಇದ್ದರೆ ಎ520. 12100ಗೆ ಎಚ್610 ಇಲ್ಲವೇ ಬಿ760. ಎಸ್‌ಎಸ್‌ಡಿ ಕೂರಿಸಲು ಎಂ.2 ಸ್ಲಾಟ್ ಇರಬೇಕು, ಹಿಂದೆ ಎಚ್‌ಡಿಎಂಐ ಪೋರ್ಟ್ ಇರಬೇಕು. 5600ಜಿ ಜೊತೆ ಹಳೆಯ ಸ್ಟಾಕಿನ ಬೋರ್ಡ್ ಬಂದರೆ ಅದರೊಳಗಿನ ಮೂಲ ಸಾಫ್ಟ್‌ವೇರ್, ಅಂದರೆ ಬಯೋಸ್, ಹಳೆಯದಿದ್ದು ಚಾಲೂ ಆಗದೇ ಇರಬಹುದು. ಬಯೋಸ್ ಅಪ್‌ಡೇಟ್ ಮಾಡಿಯೇ ಕೊಡಿ ಅಂತ ಅಂಗಡಿಯಲ್ಲಿ ಮೊದಲೇ ಹೇಳಿ.

ಎಸ್‌ಎಸ್‌ಡಿ 500 ಜಿಬಿಯ ಎನ್‌ವಿಎಂಇ (ಎಂ.2 ಸ್ಲಾಟಿನಲ್ಲಿ ಕೂರುವ ವೇಗದ ತರ) ಸಾಕು. ಹಳೆಯ ತರದ ಸೇಟಾ ಎಸ್‌ಎಸ್‌ಡಿ ಸೆಕೆಂಡಿಗೆ 550 ಎಂಬಿ ಹತ್ತಿರ ಓದುತ್ತದೆ, ಮೂರನೇ ಜನರೇಶನ್ನಿನ ಎನ್‌ವಿಎಂಇ 3500 ಎಂಬಿ ತನಕ ಹೋಗುತ್ತದೆ. ಅದಕ್ಕಿಂತ ವೇಗದ್ದಕ್ಕೆ ಮೊದಲ ಮಷಿನ್‌ನಲ್ಲಿ ದುಡ್ಡು ಹಾಕುವುದು ಬೇಡ. ವಿಡಿಯೋ ಜಾಸ್ತಿ ಇದ್ದರೆ ಹಾರ್ಡ್ ಡಿಸ್ಕ್ ಬೇರೆ ತನ್ನಿ. ಅದನ್ನು ಮಾತ್ರ ಹೊಸದೇ ತನ್ನಿ. ಎಸ್‌ಎಂಪಿಎಸ್ ಕೂಡ ಹೊಸದೇ ಬೇಕು. ಸೆಕೆಂಡ್ ಹ್ಯಾಂಡ್ ಪ್ರೊಸೆಸರ್, ರ್‍ಯಾಮ್, ಮಾನಿಟರ್ ನಡೆಯುತ್ತದೆ.

ಕ್ಯಾಬಿನೆಟ್, ತೇವ, ಹಲ್ಲಿ

ಮುಂದೆ ಗಾಜು ಮುಚ್ಚಿದ ಕ್ಯಾಬಿನೆಟ್ ಚಂದ ಕಾಣುತ್ತದೆ, ಗಾಳಿ ಹೋಗುವುದಿಲ್ಲ. ಮುಂದೆ ಬಲೆ ಇರುವುದು, ಎರಡು ಫ್ಯಾನ್ ಬರುವುದು ತನ್ನಿ. ಆ ಬಲೆ ಗಾಳಿಗೆ ಮಾತ್ರ ಅಲ್ಲ, ಹಲ್ಲಿಗೂ ಬೇಕು. ಬೆಚ್ಚಗಿರುವ ಜಾಗ ಹುಡುಕಿ ಹಲ್ಲಿ ಒಳಗೆ ಹೋಗುತ್ತದೆ. ಎಸ್‌ಎಂಪಿಎಸ್ ಒಳಗೆ ಸೇರಿ ಶಾರ್ಟ್ ಆಗಿ ಅದೂ ಸತ್ತು ಮಷಿನೂ ಕೆಟ್ಟದ್ದನ್ನು ನಾನೇ ಬಿಚ್ಚಿ ತೆಗೆದಿದ್ದೇನೆ. ಹಿಂದೆ ಖಾಲಿ ಇರುವ ಕಾರ್ಡ್ ಜಾಗಗಳ ತಗಡು ಪಟ್ಟಿಗಳನ್ನು ಬಿಸಾಡಬೇಡಿ, ಎಲ್ಲ ಮುಚ್ಚಿಯೇ ಇರಲಿ. ಹಂಚಿನ ಮನೆಯಾದರೆ ಮೇಲಿನಿಂದ ದೂಳು ಬೀಳುತ್ತದೆ, ಇಲಿ ಕೇಬಲ್ ಕಡಿಯುತ್ತದೆ. ನೆಲದ ಮೇಲೆ ಬೇಡ, ಮೇಜಿನ ಮೇಲಿಡಿ.

ತೇವಕ್ಕೆ ಒಂದೇ ಮದ್ದು, ದಿನಾ ಓಡಿಸುವುದು. ಜೂನ್‌ನಿಂದ ಸೆಪ್ಟೆಂಬರ್ ತನಕ ದಿನಕ್ಕೆ ಒಂದು ತಾಸಾದರೂ ಚಾಲೂ ಮಾಡಿ. ಒಳಗಿನ ಬಿಸಿಗೆ ತೇವ ಒಣಗುತ್ತದೆ. ರಜೆಗೆ ಬೀಗ ಹಾಕಿ ಹೋಗಿ ಎರಡು ತಿಂಗಳು ಬಿಟ್ಟು ಬಂದವರ ಮಷಿನ್‌ನಲ್ಲೇ ರ್‍ಯಾಮ್ ಕಡ್ಡಿಯ ಚಿನ್ನದ ಪಟ್ಟಿ ಮಂಕಾಗಿರುತ್ತದೆ. ಕಡ್ಡಿ ತೆಗೆದು ಪೆನ್ಸಿಲ್ ರಬ್ಬರ್‌ನಿಂದ ಮೆತ್ತಗೆ ಉಜ್ಜಿ ಒರೆಸಿ ಹಾಕಿದರೆ ಹೆಚ್ಚಿನ ಸಲ ಸರಿಯಾಗುತ್ತದೆ. ಗೋಡೆಯಿಂದ ಒಂದು ಗೇಣು ದೂರ ಇಡಿ. ಗೋಕರ್ಣ, ತದಡಿ, ಸಾಣಿಕಟ್ಟಾದ ಕಡೆ ಉಪ್ಪುಗಾಳಿ ಬೀಸುವ ಮನೆಯವರು ಸಮುದ್ರದ ದಿಕ್ಕಿನ ಕಿಟಕಿಯ ಹತ್ತಿರ ಇಡಲೇಬೇಡಿ. ಸ್ಕ್ರೂಗಳೆಲ್ಲ ತುಕ್ಕು ಹಿಡಿದು ಬಿಚ್ಚಲಿಕ್ಕೇ ಬರುವುದಿಲ್ಲ.

ಕೊಳ್ಳುವುದು, ಜೋಡಿಸುವುದು

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ರೇಟು ಕಡಿಮೆ, ಆಯ್ಕೆ ಜಾಸ್ತಿ. ಶಿರಸಿಯವರಿಗೆ ಹುಬ್ಬಳ್ಳಿ ಹತ್ತಿರ, ಕಾರವಾರದವರಿಗೆ ಮಡಗಾಂವ್ ಹತ್ತಿರ. ಎಲ್ಲೇ ತಂದರೂ ಜಿಎಸ್‌ಟಿ ಬಿಲ್ಲಿನ ಮೇಲೆ ಪ್ರತಿ ಭಾಗದ ಸೀರಿಯಲ್ ನಂಬರ್ ಬರೆಸಿ. ಪ್ರೊಸೆಸರಿಗೆ ಸಾಮಾನ್ಯವಾಗಿ ಮೂರು ವರ್ಷದ ವಾರಂಟಿ ಇರುತ್ತದೆ, ಆದರೆ ಅದು ಡಬ್ಬಿಯ ಪ್ರೊಸೆಸರಿಗೆ. ಡಬ್ಬಿ ಇಲ್ಲದ ಟ್ರೇ ಪ್ರೊಸೆಸರ್ ಅಗ್ಗಕ್ಕೆ ಸಿಕ್ಕರೂ ಅದಕ್ಕೆ ಅಂಗಡಿಯವರ ಮಾತೇ ವಾರಂಟಿ. ಬೋರ್ಡು ಕೆಟ್ಟರೆ ಎಲ್ಲಿಗೆ ಒಯ್ಯಬೇಕು, ಯಾವ ಊರಲ್ಲಿ ಸರ್ವಿಸ್ ಸೆಂಟರ್ ಇದೆ ಅಂತ ಕೊಳ್ಳುವ ಮೊದಲೇ ಕೇಳಿ. ಎರಡು ಬೋರ್ಡುಗಳ ಬೆಲೆ ಹತ್ತಿರ ಹತ್ತಿರ ಇದ್ದರೆ ನಾನು ಹುಬ್ಬಳ್ಳಿಯಲ್ಲಿ ಸರ್ವಿಸ್ ಇರುವುದನ್ನೇ ಆರಿಸುತ್ತೇನೆ. ಆನ್‌ಲೈನ್‌ನಲ್ಲಿ ತರಿಸಿದರೆ ಪಾರ್ಸೆಲ್ ಒಡೆಯುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿ. ಮಳೆಗಾಲದಲ್ಲಿ ಡಬ್ಬಿ ಒದ್ದೆಯಾಗಿ ಬಂದರೆ ಅಲ್ಲೇ ತಿರುಗಿ ಕಳಿಸಿ.

ಎಲ್ಲ ಭಾಗಗಳನ್ನೂ ಒಂದೇ ವಾರದೊಳಗೆ ತರಿಸಿ. ಬೋರ್ಡು ಇವತ್ತು ತಂದು ಎಸ್‌ಎಂಪಿಎಸ್ ಎರಡು ತಿಂಗಳು ಬಿಟ್ಟು ತಂದರೆ, ಬೋರ್ಡು ಕೆಟ್ಟದ್ದು ಅಂತ ತಿಳಿಯುವ ಹೊತ್ತಿಗೆ ವಾಪಸ್ ಕೊಡುವ ಅವಧಿ ಮುಗಿದಿರುತ್ತದೆ.

ಜೋಡಿಸುವಾಗ ಸೀದಾ ಕ್ಯಾಬಿನೆಟ್‌ಗೆ ಹಾಕಬೇಡಿ. ಮದರ್‌ಬೋರ್ಡನ್ನು ಅದರ ರಟ್ಟಿನ ಡಬ್ಬಿಯ ಮೇಲೆ ಇಟ್ಟು ಪ್ರೊಸೆಸರ್, ಕೂಲರ್, ಒಂದು ರ್‍ಯಾಮ್ ಹಾಕಿ. 24 ಪಿನ್ನಿನ ದೊಡ್ಡ ಕೇಬಲ್, ಪ್ರೊಸೆಸರ್ ಹತ್ತಿರದ ಚೌಕದ ಕೇಬಲ್ ಎರಡನ್ನೂ ಸಿಕ್ಕಿಸಿ. ಪವರ್ ಸ್ವಿಚ್‌ನ ಎರಡು ಪಿನ್‌ಗಳನ್ನು ಸ್ಕ್ರೂ ಡ್ರೈವರ್ ತುದಿಯಿಂದ ಒಂದು ಕ್ಷಣ ಮುಟ್ಟಿಸಿದರೆ ಚಾಲೂ ಆಗುತ್ತದೆ. ಮಾನಿಟರಿನಲ್ಲಿ ಚಿತ್ರ ಬಂದರೆ ಆಫ್ ಮಾಡಿ, ಪ್ಲಗ್ ಕಿತ್ತು, ಆಮೇಲೆ ಕ್ಯಾಬಿನೆಟ್‌ಗೆ ಕೂರಿಸಿ. ಬೋರ್ಡಿನ ಕೆಳಗೆ ಹಿತ್ತಾಳೆಯ ಕಂಬಗಳು ಬೋರ್ಡಿನ ತೂತಿಗೆ ಸರಿಯಾಗಿ ಇರಬೇಕು. ತೂತು ಇಲ್ಲದ ಕಡೆ ಒಂದು ಕಂಬ ಉಳಿದರೂ ಶಾರ್ಟ್ ಆಗುತ್ತದೆ.

ಮೊದಲ ಸಲ ಬಯೋಸ್‌ಗೆ ಹೋಗಿ ಎಕ್ಸ್‌ಎಂಪಿ, ಅಂದರೆ ಮೆಮೊರಿಯನ್ನು ಅದರ ಮೇಲೆ ಬರೆದ ವೇಗದಲ್ಲಿ ಓಡಿಸುವ ಸೆಟ್ಟಿಂಗ್, ಆನ್ ಮಾಡಿ. ಕೆಲವು ಎಎಂಡಿ ಬೋರ್ಡ್‌ಗಳಲ್ಲಿ ಇದರ ಹೆಸರು ಡಿಒಸಿಪಿ. ಇದನ್ನು ಮಾಡದಿದ್ದರೆ 3200ರ ರ್‍ಯಾಮ್ 2400 ಇಲ್ಲವೇ 2666ರಲ್ಲೇ ಓಡುತ್ತಾ ಇರಬಹುದು. ವಿಂಡೋಸ್ ಹಾಕಿದ ಮೇಲೆ ಟಾಸ್ಕ್ ಮ್ಯಾನೇಜರ್‌ನ ಮೆಮೊರಿ ಪುಟದಲ್ಲಿ ವೇಗ ಎಷ್ಟು ತೋರಿಸುತ್ತದೆ ನೋಡಿ. ಆ ರಾತ್ರಿಯೇ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್86 ಸಾಫ್ಟ್‌ವೇರ್ ಪೆನ್ ಡ್ರೈವ್‌ಗೆ ಹಾಕಿ ಓಡಿಸಿ ಮಲಗಿ. ಬೆಳಿಗ್ಗೆ ಒಂದೇ ಒಂದು ಎರರ್ ಇದ್ದರೂ ಎಕ್ಸ್‌ಎಂಪಿ ಆಫ್ ಮಾಡಿ, ಒಂದೊಂದೇ ಕಡ್ಡಿ ಹಾಕಿ ಮತ್ತೆ ಓಡಿಸಿ. ಎರರ್ ತೋರಿಸಿದ ಕಡ್ಡಿಯನ್ನು ಬಿಲ್ಲಿನ ಜೊತೆ ಅವತ್ತೇ ಅಂಗಡಿಗೆ ಕಳಿಸಿ.